ಯಲಬುರ್ಗಾದಲ್ಲಿ ಹೋದ ಮೀಸೆ

“ಚೆಂಡು ನಿನ್ನ ಎರಡೂ ಕಾಲಿನ ನಡುವ ಹೋತೋ ಇಲ್ಲೋ? ಅಷ್ಟ ಹೇಳಲೇ!”

ಕರಿಬಸಪ್ಪ ಶೆಟ್ಟರು ಅಡತಿ ಅಂಗಡಿಯ ಗಾದಿಯ ಮೇಲಿಂದ ಗುಡುಗಿದರು. ಗುಡುಗು ಶಲ್ಯದ ಸೆರಗಿನ ಹಿಂದಿನಿಂದ ಬಂದುದರಿಂದ ಅದಕ್ಕೆ ಸಲ್ಲಬೇಕಾದ ಗಾಂಭೀರ್ಯ ಸಲ್ಲಲಿಲ್ಲ. ಯಲಬುರ್ಗಾದಿಂದ ಮರಳಿದ ಗಳಿಗೆಯಿಂದ ಶೆಟ್ಟರು ಆ ಸೆರಗನ್ನು ಮೂಗಿನ ಕೆಳಗೆ ಒತ್ತಿ ಹಿಡಿದೇ ಮಾತನಾಡುತ್ತಿದ್ದರು, ಒತ್ತಿ ಹಿಡಿದೇ ಶೇಂಗಾದ ದರ ಕೂಗುತ್ತಿದ್ದರು.

“ಹೋತ್ರಿ,” ಎಂದ ದ್ಯಾವಪ್ಪ.

“ಯಾಕ ಹೋತು?”

ದ್ಯಾವಪ್ಪ ತನ್ನ ಕಾಲುಗಳನ್ನೇ ನೋಡಿಕೊಂಡ. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಹುಡುಗ. ಗೋಲಿನ ಮುಂದೆ ನಿಂತು ಕೈ ಚಾಚಿದನೆಂದರೆ ಎದುರಾಳಿಗೆ ಆಕಾಶವಲ್ಲದೆ ಬೇರೇನೂ ಕಾಣಿಸದು. ಅಂಥವನ ಕಾಲ ನಡುವೆ, ಮೇವು ಮುಗಿಸಿ ಮನೆಗೆ ಮರಳುವ ಎಮ್ಮೆಯ ಗತಿಯಲ್ಲಿ ಉರುಳಿ ಬಂದ ಚೆಂಡು ನುಸುಳಿ ಹೋದುದನ್ನು ಯಲಬುರ್ಗಾದ ಜನವೆಲ್ಲ ಕಣ್ಣಾರೆ ಕಂಡಿತ್ತು.

“ಬಿಸಲು ಕಣ್ಣಾಗ ಬಿತ್ರಿ.”

“ನಿನ್ನೆ ಧೂಳ ಅಂದಿ. ಮೊನ್ನೆ ನಾಯಿ ಅಡ್ಡ ಬಂತು ಅಂದಿ. ನಾಳೆ ಯಲಬುರ್ಗಾ ಊರನ ಎದ್ದು ಅಡ್ಡ ಬಂತು ಅಂತೀಯೇನು?”

ಶೇಂಗಾ ಚೀಲಗಳ ಪಕ್ಕದಲ್ಲಿ ನಿಂತಿದ್ದ ಕಳಕಪ್ಪ ಮಾಸ್ತರರು ರುಮಾಲನ್ನು ಸರಿಪಡಿಸಿಕೊಂಡರು. ಸಾಲಿಯ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಅವರು ಪತ್ತೆಗಾರಿಕೆಯನ್ನು ಕೈಗೆತ್ತಿಕೊಂಡಿದ್ದರು. ಭಾಗ್ಯನಗರದ ಮಗ್ಗದ ಮೇಲಿಂದ ಮಾಯವಾದ ಸೀರೆಯನ್ನು ಅವರು ಹುಡುಕಿಕೊಟ್ಟ ಬಳಿಕ ಕೊಪ್ಪಳದಲ್ಲಿ ಯಾರ ಕೊಡ ಕಳೆದರೂ ಕರೆ ಅವರಿಗೇ ಬರುತ್ತಿತ್ತು.

“ಶೆಟ್ರ, ಕಸೂರು ಸಾಬೀತಾಗೂತನಕ ಯಾರೂ ಗುನ್ಹೇಗಾರ ಅಲ್ಲ. ಇದು ನ್ಯಾಯ.”

“ನನ್ನ ಮೀಸಿ ಹೋಗೇತಿ ಮಾಸ್ತರ. ಅದು ಯಾವ ನ್ಯಾಯ?”

ಮಾಸ್ತರರು ಚೀಲದಿಂದ ಒಂದು ಶೇಂಗಾ ತೆಗೆದು ಸುಲಿಯತೊಡಗಿದರು.

ನಮ್ಮ ಸೀಮೆಯ ಹುಡುಗರಲ್ಲಿ ಕೆಲವರು ಪಡುವಣದ ರೈಲು ಹತ್ತಿ ಧಾರವಾಡದ ಕಾಲೇಜಿಗೆ ಹೋಗುತ್ತಾರೆ. ಕೆಲವರು ಮೂಡಣದ ರೈಲು ಹತ್ತಿ ಹೈದರಾಬಾದಿಗೆ. ಬೇಸಿಗೆಯ ರಜೆಗೆ ಊರು ಸೇರಿದ ಈ ಎರಡು ಬಳಗಗಳ ನಡುವೆ ಶೆಟ್ಟರು ಬೆಳ್ಳಿಯ ಢಾಲೊಂದನ್ನು ಬಹುಮಾನವಾಗಿ ಇಟ್ಟು ಕಾಲ್ಚೆಂಡಿನ ಪಂದ್ಯಗಳನ್ನು ಏರ್ಪಡಿಸಿದ್ದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಒಂದೊಂದು ಆಟ ಮುಗಿದು ಎರಡೂ ಕಡೆಗೆ ಸಮನಾದ ಗೆಲುವು ಬಂದಿತ್ತು. ನಿರ್ಣಯದ ಆಟ ಇಂದು ಸಂಜೆ, ಕೊಪ್ಪಳದ ಮೈದಾನದಲ್ಲಿ.

ಧಾರವಾಡದಲ್ಲಿ ದ್ಯಾವಪ್ಪನ ಊಟ ವಸತಿಯ ಖರ್ಚೆಲ್ಲ ಶೆಟ್ಟರದು. ಆ ಅಭಿಮಾನದಲ್ಲಿ ಅವರು ಯಲಬುರ್ಗಾದಲ್ಲಿ ಗಂಗಾವತಿಯ ಅಕ್ಕಿ ವ್ಯಾಪಾರಿಯೊಬ್ಬನ ಎದುರು ಮೀಸೆಯನ್ನೇ ಪಣಕ್ಕಿಟ್ಟಿದ್ದರು. ಅವರ ಈ ಪಣದ ಚಟ ಬಿಡಿಸಲೆಂದು ಅಂಗಡಿಯ ಒಳಮನೆಯಲ್ಲಿ ಹೆಂಡತಿ ಹೊರದ ಹರಕೆ ಉಳಿದಿರಲಿಲ್ಲ. ಆಟ ಮುಗಿದ ಕೂಡಲೇ, ಮೈದಾನದ ಬೇವಿನ ಮರದ ಕೆಳಗೆ, ಜನಸಮ್ಮುಖದಲ್ಲಿ ಆ ಪಣ ಸಂದಾಯವಾಗಿತ್ತು.

ಇಷ್ಟೇ ಆಗಿದ್ದರೆ ಇದು ಪತ್ತೆಗಾರರ ಪಾಲಿಗೆ ಬರುತ್ತಿರಲಿಲ್ಲ. ಸೋಲು ಆಟದ ಧರ್ಮ; ಮೀಸೆ ಕೂದಲಿನ ಧರ್ಮದಂತೆ ಮತ್ತೆ ಬೆಳೆಯುತ್ತದೆ. ಆದರೆ ನಾಲ್ಕು ಆಟಗಳಲ್ಲಿ ಗೆಲ್ಲುವವರಾರೆಂಬುದನ್ನು ಒಬ್ಬ ಮನುಷ್ಯ ಮೊದಲೇ ಊರ ತುಂಬ ಸಾರಿದ್ದ. ನಾಲ್ಕೂ ಸಲ ಅವನ ಮಾತೇ ನಿಜವಾಗಿತ್ತು.

“ನಾಕಕ್ಕ ನಾಕೂ ಖರೆ ಹೆಂಗ ಬರ್ತಾವ ಮಾಸ್ತರ?” ಶೆಟ್ಟರು ಶಲ್ಯದೊಳಗೇ ಹಲ್ಲು ಕಡಿದರು. “ಆಟ ಮೊದಲ ಮಾರಿದ್ರ ಬರ್ತಾವ! ಯಲಬುರ್ಗಾ ಮ್ಯಾಚಿನ ಮುಂಜಾನೆ ಭವಿಷ್ಯ ಹೇಳೂ ಆ ಮುದಿಯಪ್ಪ ಇವನ ಕೈಯಾಗ ಒಂದು ಗಂಟು ಇಟ್ಟಿದ್ದನ್ನ ನಾನ ನೋಡೀನಿ. ಅಂವ ನಿಮಗ ಏನಾಗಬೇಕು ಅಂತ ಬಾಯಿಬಿಟ್ಟು ಹೇಳ್ಲೇನು?”

“ಬ್ಯಾಡ್ರಿ,” ಎಂದರು ಮಾಸ್ತರರು.

ಹೇಳಬೇಕಾದ ಅಗತ್ಯವಿರಲಿಲ್ಲ. ಕುಷ್ಟಗಿಯ ಮುದಿಯಪ್ಪನವರು ಮಾಸ್ತರರ ಬೀಗರು. ಮಾಸ್ತರರ ಒಬ್ಬಳೇ ಮಗಳನ್ನು ಸೊಸೆಯಾಗಿ ತಂದುಕೊಂಡವರು. ಬಸವ ಜಯಂತಿಗೆಂದು ಬಂದವರು ಇನ್ನೂ ಮಾಸ್ತರರ ಮನೆಯಲ್ಲೇ ಇದ್ದರು.

“ಸಂಜಿಕ ಸೀಟಿ ಊದೂದ್ರೊಳಗ ಇದು ಹೆಂಗ ಆತು ಅಂತ ಫೈಸಲಾ ಆಗಬೇಕು. ಇಲ್ಲಾಂದ್ರ ಮೈದಾನದಾಗ ಎಲ್ಲಾರ ಮುಂದ ನಿಂತು ಹೇಳಾಂವ, ಈ ದ್ಯಾವ್ಯಾ ಆಟ ಮಾರ್ಕೊಂಡಾನ ಅಂತ. ಧಾರವಾಡದ ಊಟ ಬಂದ್. ರಜಾ ಮುಗಿದ ಮ್ಯಾಲ ಅಪ್ಪನ ಕೂಡ ಗಳೇ ಹೊಡೀಲಿ.”

ಮಾಸ್ತರರು ದ್ಯಾವಪ್ಪನ ಕಡೆ ನೋಡಿದರು. ಈ ಹುಡುಗನ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸಿದವರು ಅವರು. ಅವನ ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ಇವನೊಬ್ಬನೇ.

“ಸೀಟಿ ಊದೂದ್ರೊಳಗ ಬರ್ತೀನಿ,” ಎಂದು ಹೇಳಿ ಅವರು ಬಿಸಿಲಿಗಿಳಿದರು.

*

ದಾರಿಯುದ್ದಕ್ಕೂ ಮಾಸ್ತರರ ಕೋಪ ಬಿಸಿಲಿನೊಡನೆ ಪೈಪೋಟಿಗೆ ಬಿದ್ದಿತ್ತು.

ಎಂಥ ಕಾಲ ಬಂತು! ಸೂರ್ಯಗ್ರಹಣವನ್ನು ಮೊದಲೇ ಹೇಳಬಹುದು, ಸೂರ್ಯನಿಗೆ ಶಿಸ್ತಿದೆ. ಗಾಳಿ ತುಂಬಿದ ತೊಗಲಿನ ಚೆಂಡಿಗೆ ಯಾವ ಶಿಸ್ತು? ಅದರ ಹಿಂದೆ ಓಡುವ ಕಾಲೇಜು ಹುಡುಗರಿಗಂತೂ ಅದರ ಅರ್ಧದಷ್ಟೂ ಇಲ್ಲ. ಅಂಥ ಆಟದ ಫಲವನ್ನು ಕಟ್ಟೆಯ ಮೇಲೆ ಕೂತು ಸಾರುವವನು ಒಬ್ಬ, ಅದನ್ನು ನಂಬಿ ಮೀಸೆ ಕಟ್ಟುವವರು, ತೆಂಗಿನಕಾಯಿ ಕಟ್ಟುವವರು, ಎತ್ತು ಕಟ್ಟುವವರು ನೂರಾರು. ತಲೆಯೆಂಬುದನ್ನು ದೇವರು ಇವರಿಗೆ ರುಮಾಲು ಸುತ್ತಲೆಂದೇ ಕೊಟ್ಟನೇನೋ!

ಮಾಸ್ತರರು ಭವಿಷ್ಯ ಹೇಳುತ್ತಿರಲಿಲ್ಲ. ಅವರದು ತರ್ಕ. ಪ್ರತಿ ಆಟದ ಹಿಂದಿನ ಸಂಜೆ ಮನೆಯ ಕಟ್ಟೆಯ ಮೇಲೆ ಕೂತು, ಎರಡೂ ಕಡೆಯ ಬಲಾಬಲಗಳನ್ನು ತೂಗಿ, ಗೆಲುವು ಯಾರದಾಗಬೇಕೆಂದು ಬೀಗರಿಗೆ ವಿವರಿಸಿದ್ದರು, ಅಷ್ಟೆ. ಆ ತರ್ಕದಲ್ಲಿ ಲೋಪವಿರಲಿಲ್ಲ. ಲೋಪವಿದ್ದುದು ಆಟಗಳಲ್ಲಿ.

ಮೊದಲ ಆಟವನ್ನೇ ನೋಡಿ. ಹೈದರಾಬಾದಿನ ಹುಡುಗರಿಗೆ ಬೂಟುಗಳಿದ್ದವು, ಧಾರವಾಡದವರು ಬರಿಗಾಲಿನವರು. ಬೂಟಿನ ಹೊಡೆತ ಬಲವಾದದ್ದು. ಆದ್ದರಿಂದ ಹೈದರಾಬಾದು ಗೆಲ್ಲಬೇಕು. ಇದರಲ್ಲಿ ತಪ್ಪೇನು? ಆದರೆ ಆ ಮಧ್ಯಾಹ್ನ ಹೇಳದೆ ಕೇಳದೆ ಮಳೆ ಬಂತು. ಎರೆಮಣ್ಣು ಬೂಟಿಗಂಟಿ ಒಬ್ಬೊಬ್ಬ ಹುಡುಗನೂ ಒಂದೊಂದು ಕಾಲಿಗೆ ಒಂದೊಂದು ಹೊಲ ಹೊತ್ತು ಓಡಬೇಕಾಯಿತು.

ಗಂಗಾವತಿಯಲ್ಲಿ ಧಾರವಾಡ ಗೆಲ್ಲಬೇಕಿತ್ತು. ಆದರೆ ಅಲ್ಲಿನ ಶ್ರೀಮಂತರೊಬ್ಬರು ಆಟಕ್ಕೆ ಮುನ್ನ ಧಾರವಾಡದ ಹುಡುಗರನ್ನೆಲ್ಲ ಹೋಳಿಗೆಯ ಊಟಕ್ಕೆ ಕರೆದರು. ಹುಡುಗರು ಮೈದಾನದಲ್ಲಿ ಓಡಲಿಲ್ಲ, ತೇಲಿದರು.

ಕುಷ್ಟಗಿಯಲ್ಲಿ ಹೈದರಾಬಾದು ಖಂಡಿತವೆಂದಿದ್ದರು ಮಾಸ್ತರರು. ಅವರ ಮುಂದಾಳು ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಆಡುತ್ತಿದ್ದ. ಆದರೆ ಮಗನಿಗೆ ಜ್ವರವಿದೆಯೆಂದು ಅವನ ತಾಯಿ ಚಾಂದಬೀ ಮೈದಾನದ ನಡುವಿಗೇ ಬಂದು, ಚೆಂಡು ಅವನ ಕಾಲಿನಲ್ಲಿರುವಾಗಲೇ ಅವನ ಕಿವಿ ಹಿಡಿದು ಮನೆಗೆ ಕರೆದೊಯ್ದಳು. ರೆಫರಿ ಸೀಟಿ ಊದಲಿಲ್ಲ. ತಾಯಿಯ ವಿರುದ್ಧ ನಿಯಮ ಹುಡುಕಲು ಅವನಿಗೆ ಧೈರ್ಯ ಬರಲಿಲ್ಲ.

ಇನ್ನು ಯಲಬುರ್ಗಾ. ಅದು ಧಾರವಾಡದ ಗೆಲುವೇ ಆಗಿತ್ತು, ಆ ಒಂದು ಚೆಂಡಿನ ಹೊರತು.

ಹೀಗೆ ಲೋಕವೇ ತಪ್ಪು ನಡೆಯುವಾಗ, ಬೀಗರ ಬಾಯಲ್ಲಿ ಮಾತ್ರ ಸರಿ ಬಂದುದು ಹೇಗೆ?

ಕೇಳಿಬಿಡಬಹುದಲ್ಲ, ಎಂದು ಪರವೂರಿನವರು ಎನ್ನಬಹುದು. ಅವರಿಗೆ ಹೆಣ್ಣು ಕೊಟ್ಟು ಗೊತ್ತಿಲ್ಲ. ಬೀಗರು ಸಾಕೆಂದರೂ ಬಡಿಸಬೇಕು. ಅವರು ಹಗಲನ್ನು ರಾತ್ರಿ ಎಂದರೂ ದೀಪ ತರಿಸಬೇಕು. ಅಂಥವರನ್ನು ಎದುರಿಗೆ ನಿಲ್ಲಿಸಿ, ‘ನೀವು ಹುಡುಗರನ್ನು ಕೊಂಡಿರಾ?’ ಎಂದು ಕೇಳುವುದೇ? ಪೊಲೀಸ್ ಠಾಣೆಯ ಅಮೀನ ಸಾಹೇಬರು ಕೇಳಬಹುದು. ಬೀಗನಾದವನು ಕೇಳಲಾರ.

*

ಮನೆಯ ಕಟ್ಟೆಯ ಮೇಲೆ ಮುದಿಯಪ್ಪನವರು ಲೋಡಿಗೊರಗಿ ಕೂತಿದ್ದರು. ಎದುರಿಗೆ ಇಬ್ಬರು ಭಾಗ್ಯನಗರದ ನೇಕಾರರು ಮಾವಿನ ಹಣ್ಣಿನ ಬುಟ್ಟಿಯೊಂದನ್ನು ಇಟ್ಟು ಕೈಮುಗಿದಿದ್ದರು.

“ಇವತ್ತಿಂದು ಅಪ್ಪಣಿ ಆಗ್ಲಿರಿ, ಅಜ್ಜಾರ.”

“ಸೂಚನಾ ಇನ್ನ ಬಂದಿಲ್ಲಪಾ,” ಎಂದು ಮುದಿಯಪ್ಪನವರು ಕಣ್ಣು ಮುಚ್ಚಿದರು. ಮಾಸ್ತರರ ಚಪ್ಪಲಿಯ ಸದ್ದು ಕೇಳಿ ಕಣ್ಣು ತೆರೆದರು. ಮುಖ ಅರಳಿತು. “ಬಂದ್ರ್ಯಾ ಬೀಗರ! ಬರ್ರಿ, ಕೂಡ್ರಿ. ಇವತ್ತಿನ ಆಟದ ಬಗ್ಗೆ ನಿಮ್ಮ ವಿಚಾರ ಏನರಿ?”

ಪ್ರಶ್ನೆ ಹಿತವಾಗಿತ್ತು. ಅರ್ಹನಾದ ಕೇಳುಗ ಸಿಕ್ಕಾಗ ಮಾಸ್ತರರಿಗೆ ಹಸಿವೆಯೂ ಮರೆಯುತ್ತಿತ್ತು. “ನೋಡ್ರಿ ಬೀಗರ, ಇವತ್ತು ಗಾಳಿ ಪಡುವಣದ್ದು. ಅಂದ ಮ್ಯಾಲ…”

ನೇಕಾರರನ್ನು ಮರೆತು ಮುದಿಯಪ್ಪನವರು ಮುಂದಕ್ಕೆ ಬಾಗಿದರು.

“ಅನ್ನ ಆರತೈತಿ!” ಒಳಗಿನಿಂದ ಹೆಂಡತಿ ಪಂಪಮ್ಮನ ದನಿ ಬಂತು. ಮಾಸ್ತರರು ತರ್ಕವನ್ನು ಅಲ್ಲಿಗೇ ಬಿಟ್ಟು ಎದ್ದರು. ಬೀಗರ ಮುಖದಲ್ಲಿ, ಬಾಯಿಯ ತನಕ ಬಂದ ತುತ್ತು ಜಾರಿ ಬಿದ್ದವನ ದುಃಖ ಕಾಣಿಸಿತು. ಮಾಸ್ತರರು ಅದನ್ನು ಕಂಡರು, ಹಸಿವೆಯೆಂದು ಭಾವಿಸಿದರು.

ಅಡುಗೆಮನೆಯಲ್ಲಿ ಅವರು ಹೆಂಡತಿಗೆ ಎಲ್ಲವನ್ನೂ ಪಿಸುದನಿಯಲ್ಲಿ ಹೇಳಿದರು. ಪಂಪಮ್ಮ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ ಕೇಳಿದಳು.

“ಬೀಗರ ಮುಂದ ನಾ ಬಾಯಿ ತೆಗೆಯಾಕ ಬರಂಗಿಲ್ಲ,” ಎಂದರು ಮಾಸ್ತರರು.

“ನಾ ತೆಗೀತೀನಿ ಬಿಡ್ರಿ. ಬೀಗತಿ ಚಾಷ್ಟಿಗೆ, ನಗಿಮಾತಿಗೆ, ಯಾವ ಊರಾಗೂ ಸಿಟ್ಟಿಲ್ಲ.”

ಇದು ನಿಜ. ಗಂಡಸು ಕೇಳಿದರೆ ನೆಂಟಸ್ತಿಕೆ ಮುರಿಯುವ ಮಾತನ್ನು ಬೀಗತಿ ಬಡಿಸುತ್ತ ಬಡಿಸುತ್ತ ಕೇಳಬಹುದು; ಅದಕ್ಕೆ ನಗೆಯಲ್ಲದೆ ಬೇರೆ ಉತ್ತರ ಕೊಡುವ ಅಧಿಕಾರ ಬೀಗರಿಗಿಲ್ಲ.

ಮುದಿಯಪ್ಪನವರು ಮಣೆಯ ಮೇಲೆ ಕೂತು ಮಾವಿನ ಸೀಕರಣಿಯಲ್ಲಿ ಹೋಳಿಗೆ ಅದ್ದಿದರು.

“ಬೀಗರ, ನಿಮಗ ಭವಿಷ್ಯ ಹೇಳೂ ದೇವರು ಎಲ್ಲಿರತಾನ್ರಿ? ಹೇಮಗುಡ್ಡದಾಗೋ, ಹನುಮನಹಳ್ಳಿ ಕಡೇಕೋ?”

“ಇಲ್ಲೇ ಎಲ್ಲೋ ಇರತಾನ್ರಿ, ಪಂಪಕ್ಕಾರ.”

“ಇಲ್ಲೇ ಅಂದ್ರ ನಮ್ಮ ಕಟ್ಟಿ ಮ್ಯಾಲೇನ್ರಿ?”

ಅದ್ದಿದ ಹೋಳಿಗೆ ಅದ್ದಿದಲ್ಲೇ ನಿಂತಿತು.

“ಆ ದೇವರು ಬಿಳಿ ರುಮಾಲ ಸುತ್ತತಾನೇನ್ರಿ? ಮಾತಾಡೂಮುಂದ ಬೆರಳ ಮ್ಯಾಲ ಲೆಕ್ಕಾ ಹಾಕ್ತಾನೇನ್ರಿ?”

“ಪಂಪಕ್ಕಾರ!” ಮುದಿಯಪ್ಪನವರು ಗಾಬರಿಯಿಂದ ಮಾಸ್ತರರ ಕಡೆ ಒಮ್ಮೆ, ಪಂಪಮ್ಮನ ಕಡೆ ಒಮ್ಮೆ ನೋಡಿದರು. “ನಿಮಗ ಗೊತ್ತಾಗೇತೇನ್ರಿ?”

“ಮೊದಲನೇ ಮ್ಯಾಚಿನಾಗ ಗೊತ್ತಾತು. ಇವರು ‘ಮಳಿ ಬರೂದಿಲ್ಲ’ ಅಂದ ದಿನ ನಾ ಹಪ್ಪಳ ಒಣಗಾಕ ಹಾಕಂಗಿಲ್ಲ. ನೀವೂ ಅದನ್ನ ಕಲ್ತೀರಿ ಅನಸ್ತು. ಇನ್ನೊಂದು ಹೋಳಗಿ ಹಾಕ್ಲ್ಯಾ?”

ಮಾಸ್ತರರು ತುತ್ತನ್ನು ಕೈಯಲ್ಲೇ ಹಿಡಿದು ಕೂತರು. ಸಾಲಿಯಲ್ಲಿ ಹಿಂದಿನ ಬೆಂಚಿನ ದಡ್ಡನಿಗೆ ಉತ್ತರ ತಿಳಿದು ತಮಗೆ ತಿಳಿಯದ ಕನಸೊಂದು ಅವರಿಗೆ ಆಗಾಗ ಬೀಳುತ್ತಿತ್ತು. ಇದು ಅದರಂತೆಯೇ ಇತ್ತು.

“ಬೀಗರ, ಸಿಟ್ಟಾಗಬ್ಯಾಡ್ರಿ,” ಮುದಿಯಪ್ಪನವರು ಕೈಜೋಡಿಸಲು ಹೋದರು, ಕೈತುಂಬ ಸೀಕರಣಿ. “ನನಗ ಫುಟ್ಬಾಲ್ ಅಂದ್ರ ಏನೂ ತಿಳಿಯಂಗಿಲ್ಲ. ಯಾವ ಹುಡುಗರು ಯಾವ ಕಡೆ ಹೊಡೀತಾರ ಅನ್ನೂದೂ ಗೊತ್ತಿಲ್ಲ. ಮೊದಲನೇ ಮ್ಯಾಚಿನ ಹಿಂದಿನ ಸಂಜಿಕ ನಿಮ್ಮ ವಿಚಾರ ಕೇಳಿ, ಊರಾಗ ಹಂಗ ಹೇಳಬೇಕಂತ ಹೊಂಟಿದ್ದೆ. ದಾರ್ಯಾಗ ನಮ್ಮ ಹುಡುಗರ ಮದುವಿ ನೆನಪಾತು.”

“ಮದುವಿ?”

“ನೀವ ಲೆಕ್ಕಾ ಹಾಕಿ ಅಡಗಿ ಮಾಡ್ಸಿದ್ರಿ. ಬೀಗರ ಕಡಿಯವರು ಇಷ್ಟ ಮಂದಿ ಬರ್ತಾರ, ಒಬ್ಬೊಬ್ಬರು ಇಷ್ಟಿಷ್ಟ ಉಣತಾರ ಅಂತ. ನಮ್ಮ ಮಂದಿ ಅರ್ಧಾ ಉಪವಾಸ ಹೋತ್ರಿ. ಅದು ನೆನಪಾತು, ನಿಂತೆ. ನಿಮ್ಮ ಮಾತು ತಿರುವಿ ಹೇಳಿದೆ. ಖರೆ ಆತು. ಎರಡನೇದೂ ತಿರುವಿದೆ. ಖರೆ ಆತು. ಆಮ್ಯಾಲ ಮಂದಿ ಹಣ್ಣು ಕಾಯಿ ತರಾಕತ್ರು, ನಾ ಏನ ಮಾಡ್ಲಿ?”

“ನನ್ನ ಎದುರಿಗೆ ‘ಖರೇರಿ, ಖರೇರಿ’ ಅಂತ ಗೋಣು ಹಾಕ್ತಿದ್ರಲ್ಲ!”

“ಬೀಗರ ಮನ್ಯಾಗ ಕುಂತು, ಬೀಗರ ಅನ್ನ ಉಂಡು, ಬೀಗರ ಮಾತಿಗೆ ಅಲ್ಲ ಅನ್ನಾಕ ಬರತೈತೇನ್ರಿ? ನಾ ಅಂಥ ಮನಿತನದಾಂವ ಅಲ್ಲ. ಹೊರಗ ಹೋಗಿ ಅಂದೆ.”

ಮರ್ಯಾದೆಯ ದೃಷ್ಟಿಯಿಂದ ಈ ಉತ್ತರದಲ್ಲಿ ದೋಷ ಹುಡುಕುವುದು ಸಾಧ್ಯವಿರಲಿಲ್ಲ.

“ಮತ್ತ ಆ ಗಂಟು?” ಎಂದರು ಮಾಸ್ತರರು, ದನಿ ಸಣ್ಣದಾಗಿತ್ತು.

“ಶೇಂಗಾ ಉಂಡಿ,” ಎಂದಳು ಪಂಪಮ್ಮ. “ನಾನ ಕಟ್ಟಿ ಕಳಿಸೀನಿ. ಬೀಗರು ಯಲಬುರ್ಗಾಕ್ಕ ಹೊಂಟಿದ್ರು, ದ್ಯಾವ್ಯಾಗ ಕೊಡ್ರಿ ಅಂದೆ. ಬೆಳಿಯೂ ಹುಡುಗ. ಶೆಟ್ರು ಕೇಳಿದ್ರ ಅವರಿಗೂ ಎರಡು ಕೊಡ್ತಿದ್ದೆ.”

ಪ್ರಕರಣ ಬಿಚ್ಚಿಕೊಂಡಿತ್ತು. ಆಟ ಮಾರಿದವರಿಲ್ಲ, ಕ್ರಯಕ್ಕೆ ಕೊಂಡವರಿಲ್ಲ. ದ್ಯಾವಪ್ಪ ನಿರ್ದೋಷಿ. ಪತ್ತೆಗಾರನಾದವನು ಎದ್ದು ಕುಣಿಯಬೇಕಾದ ಗಳಿಗೆ. ಮಾಸ್ತರರು ಕೈ ತೊಳೆದು ಕಂಬಕ್ಕೊರಗಿ ಸುಮ್ಮನೆ ಕೂತರು.

ಹುಡುಗನನ್ನು ಉಳಿಸಬೇಕೆಂದರೆ ಶೆಟ್ಟರ ಅಂಗಡಿಯಲ್ಲಿ ನಿಂತು ಹೇಳಬೇಕಾದ ಮಾತು ಒಂದೇ: ‘ಕಳಕಪ್ಪ ಮಾಸ್ತರನ ತರ್ಕ ಪ್ರತಿ ಸಲವೂ ತಲೆಕೆಳಗಾಯಿತು, ಅದನ್ನು ತಿರುವಿದವನು ಪ್ರವಾದಿಯಾದನು.’ ಊರಿನ ಅರ್ಧ ಜನ ಅವರ ಕೈಯಲ್ಲಿ ಲೆಕ್ಕ ಕಲಿತವರು. ನಾಳೆ ಸಂತೆಯಲ್ಲಿ ಕಾಯಿಪಲ್ಯ ಮಾರುವವಳೂ ಅವರ ಬೆಲೆಯನ್ನು ತಿರುವಿ ಕೇಳುತ್ತಾಳೆ.

ಹೇಳದಿದ್ದರೇನಾದೀತು? ಯಾರಿಗೂ ತಿಳಿಯದು. ಬೀಗರು ಕುಷ್ಟಗಿಗೆ ಹೋಗುತ್ತಾರೆ. ಹುಡುಗ ಹೊಲಕ್ಕೆ ಹೋಗುತ್ತಾನೆ.

ಈ ಕೊನೆಯ ವಾಕ್ಯ ಮನಸ್ಸಿನಲ್ಲಿ ಮೂಡಿದ್ದೇ ತಡ, ಮಾಸ್ತರರಿಗೆ ತಮ್ಮ ಮೇಲೆಯೇ ಛಡಿಯೇಟು ಬೀಸಬೇಕೆನಿಸುವಷ್ಟು ಸಿಟ್ಟು ಬಂತು. ಸತ್ಯ ಹೇಳಬೇಕೆಂದು ಮಕ್ಕಳಿಗೆ ಇಷ್ಟು ಕಾಲ ಹೇಳಿಕೊಟ್ಟದ್ದು ಸತ್ಯ ಸುಲಭವಾಗಿದ್ದ ದಿನಗಳಿಗಾಗಿಯೇ?

“ಬೀಗರ, ಏಳ್ರಿ,” ಎಂದರು. “ಶೆಟ್ರ ಅಂಗಡಿಗೆ ಹೋಗೂಣು.”

“ಉಂಡ ಮ್ಯಾಲ ಒಂದೀಟು ಅಡ್ಡಾಗೂದು…”

“ಏಳ್ರಿ!”

ಬೀಗರಿಗೆ ಮಾಸ್ತರರು ಗದರಿದ್ದು ಅದೇ ಮೊದಲು. ಮುದಿಯಪ್ಪನವರು ಎದ್ದುಬಿಟ್ಟರು.

*

ಅಂಗಡಿಯಲ್ಲಿ ಶೆಟ್ಟರು ಮೈದಾನಕ್ಕೆ ಹೊರಡಲು ಕೋಟು ತೊಟ್ಟಿದ್ದರು. ದ್ಯಾವಪ್ಪ ಆಟದ ಚಡ್ಡಿ ತೊಟ್ಟು, ಆಡಲು ಹೇಳಿಯಾರೋ ಬೇಡವೆಂದಾರೋ ತಿಳಿಯದೆ, ತಕ್ಕಡಿಯ ಪಕ್ಕ ನಿಂತಿದ್ದ.

ಮಾಸ್ತರರು ಪಾಠ ಒಪ್ಪಿಸುವವರಂತೆ ನೆಟ್ಟಗೆ ನಿಂತು ಎಲ್ಲವನ್ನೂ ಹೇಳಿದರು. ಬೂಟು, ಹೋಳಿಗೆ, ಚಾಂದಬೀ, ಯಾವುದನ್ನೂ ಮರೆಮಾಚಲಿಲ್ಲ. ಮುದಿಯಪ್ಪನವರು ಪ್ರತಿ ವಾಕ್ಯಕ್ಕೂ “ಖರೇರಿ” ಎಂದರು. ಈ ಸಲ ಅದು ನಿಜಕ್ಕೂ ಖರೆಯಾಗಿತ್ತು.

ಶೆಟ್ಟರು ಕಣ್ಣು ಕಿರಿದಾಗಿಸಿದರು. “ಹುಡುಗನ್ನ ಉಳಸಾಕ ಕಟ್ಟಿದ ಕತಿ ಇದು. ನೀವು ನಾಕೂ ಸಲ ತಪ್ಪು ಹೇಳಿದ್ರಿ ಅನ್ನಾಕ ಖಾತ್ರಿ ಏನು?”

“ಯಲಬುರ್ಗಾಕ್ಕ ಹೋಗೂ ಹಿಂದಿನ ಸಂಜಿಕ ನೀವ ನಮ್ಮ ಕಟ್ಟಿ ಮುಂದ ಹಾದು ಹೋದ್ರಿ. ನಾ ಏನಂದೆ, ನೆನಪೈತೇನು?”

“ನೀವು…” ಶೆಟ್ಟರು ನೆನಪಿಸಿಕೊಂಡರು. “‘ಧಾರವಾಡ ಗೆದ್ದಂಗ. ಸಂಶೇವ ಬ್ಯಾಡ’ ಅಂದ್ರಿ.”

“ಅಂದೆ.”

“ಬೆರಳ ಮ್ಯಾಲ ಎಣಿಸಿ ತೋರಿಸಿದ್ರಿ.”

“ತೋರಿಸಿದೆ.”

“ಅದನ್ನ ಕೇಳಿ… ಅದನ್ನ ಕೇಳಿನ ನಾ ಮೀಸಿ ಕಟ್ಟಿದ್ದು!” ಶೆಟ್ಟರು ಎರಡೂ ಕೈಯೆತ್ತಿದರು. ಶಲ್ಯ ಜಾರಿತು. ಹೊಸದಾಗಿ ತೊಳೆದ ಬಟ್ಟಲಿನಂತೆ ಹೊಳೆಯುವ ಮೇಲ್ದುಟಿ ಎಲ್ಲರಿಗೂ ಕಂಡಿತು. “ಹಂಗಾರ ನನ್ನ ಮೀಸಿ ಬೋಳಿಸಿದಾಂವ ಈ ಹುಡುಗ ಅಲ್ಲ, ನೀವ!”

“ಹೌದ್ರಿ,” ಎಂದರು ಮಾಸ್ತರರು. “ನಾನ.”

ಶೆಟ್ಟರ ಹೊಟ್ಟೆ ಅಲುಗಿತು. ನಗೆ ಶುರುವಾಯಿತು. ಶೇಂಗಾ ಚೀಲದ ಮೇಲೆ ಕೈಯೂರಿ ಅವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮುದಿಯಪ್ಪನವರೂ ಸೇರಿಕೊಂಡರು. ಮಾಸ್ತರರು ಮಾತ್ರ ಶಿಕ್ಷೆ ಅನುಭವಿಸುವವರಂತೆ ನಿಂತೇ ಇದ್ದರು.

“ಆತು, ಬಿಡ್ರಿ. ಮೀಸಿ ಬೆಳೀತೈತಿ.” ಶೆಟ್ಟರು ಕಣ್ಣೊರೆಸಿಕೊಂಡರು. “ಹುಡುಗಂದು ಏನೂ ಕಸೂರಿಲ್ಲ. ಧಾರವಾಡದ ಊಟ ಚಾಲೂ. ಏ ದ್ಯಾವ್ಯಾ, ಓಡು ಮೈದಾನಕ್ಕ!” ಆಮೇಲೆ ಬಗ್ಗಿ, ದನಿ ತಗ್ಗಿಸಿ, “ಮಾಸ್ತರ, ಇವತ್ತ ಯಾರು ಗೆಲ್ತಾರ ಅನ್ನೂದು ಒಂದ ಮಾತು ಹೇಳ್ರಲ್ಲ. ಗಂಗಾವತಿಯಾಂವ ಬಂದಾನ. ಅವಂದು ಮೀಸಿ ನೋಡ್ರಿ, ಎಷ್ಟು ದಪ್ಪ ಐತಿ!”

“ಹೇಳೂದಿಲ್ಲ!”

“ಸುಮ್ಮನ ಅನ್ರಿ. ನಾವು ತಿರುವ್ಕೋತೀವಿ.”

“ಶೆಟ್ರ, ಆಟಾ ಆಡಾಕ ಐತಿ, ಹೇಳಾಕ ಅಲ್ಲ. ನಾಳಿಂದು ನಾಳೆ ಗೊತ್ತಾಗಬೇಕು. ಇವತ್ತ ತಿಳೀಬೇಕು ಅನ್ನೂ ಚಪಲದಿಂದನ ಇಷ್ಟೆಲ್ಲಾ ಆಗೇತಿ. ನನ್ನ ಬಾಯಿಂದ ಇನ್ನೊಂದು ಅಕ್ಷರ ಬರೂದಿಲ್ಲ!”

“ಗಾಳಿ ಪಡುವಣದ್ದು ಅಂದಿದ್ರಿ, ಬೀಗರ,” ಎಂದು ಮುದಿಯಪ್ಪನವರು ಮೆಲ್ಲನೆ ನೆನಪಿಸಿದರು. ಮಾಸ್ತರರು ನೋಡಿದ ನೋಟಕ್ಕೆ ಸುಮ್ಮನಾದರು.

ದ್ಯಾವಪ್ಪ ಓಡಿರಲಿಲ್ಲ.

ಅವನು ಮಾಸ್ತರರ ಹತ್ತಿರ ಬಂದು ಕಾಲು ಮುಟ್ಟಿದ. ಮುಟ್ಟಿದವನು ಏಳಲಿಲ್ಲ.

“ಏಳಪಾ. ಹೊತ್ತಾತು.”

“ನನ್ನ ಸಲುವಾಗಿ ನೀವು ಎಲ್ಲಾರ ಮುಂದ ತಲಿ ತಗ್ಗಿಸಿದ್ರಿ, ಮಾಸ್ತರ.” ಹುಡುಗನ ದನಿ ನೆಲದಿಂದ ಬಂದಂತಿತ್ತು. “ಮೂರು ಆಟಕ್ಕ ತಗ್ಗಿಸಿದ್ರ ಸಾಕಾಗಿತ್ರಿ. ಯಲಬುರ್ಗಾದ್ದು ನೀವು ಹೇಳಿದ್ದ ಖರೆ ಇತ್ತು. ನಾವ ಗೆಲ್ತಿದ್ವಿ.”

“ಏನಂದಿ?”

“ಆ ಚೆಂಡು ನಾ ಬೇಕಂತನ ಬಿಟ್ಟೀನ್ರಿ.”

ಆಗ ಕಳಕಪ್ಪ ಮಾಸ್ತರರ ಎದೆಯಲ್ಲಿ ಮೊದಲು ಹುಟ್ಟಿದ ಭಾವನೆ ಯಾವುದೆಂದು ಅವರು ಜೀವಮಾನದಲ್ಲಿ ಯಾರಿಗೂ ಹೇಳಲಾರರು. ಅದು ಸಂತೋಷ. ತರ್ಕ ಸರಿಯಿತ್ತು! ಒಂದಾದರೂ ಸರಿಯಿತ್ತು! ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಮರುಕ್ಷಣವೇ ತಾವು ಎಂಥ ಮಾತಿಗೆ ಹಿಗ್ಗಿದೆವೆಂದು ಅವರಿಗೆ ತಿಳಿಯಿತು. ತಾವು ಅಕ್ಷರ ತಿದ್ದಿಸಿದ ಹುಡುಗ ಆಟ ಬಿಟ್ಟುಕೊಟ್ಟಿದ್ದ. ಈಗಷ್ಟೇ ತಾವು ತಲೆ ಒತ್ತೆಯಿಟ್ಟು ನಿರ್ದೋಷಿಯೆಂದು ಸಾರಿದ ಹುಡುಗ.

ಶೆಟ್ಟರ ನಗೆ ಆರಿಹೋಗಿತ್ತು. “ಯಾರು ಹೇಳಿದ್ರಲೇ? ಗಂಗಾವತಿಯಾಂವ?”

“ಅಲ್ರಿ.”

“ಏನು ಕೊಟ್ಟ?”

“ಯಾರೂ ಏನೂ ಕೊಟ್ಟಿಲ್ರಿ. ಕೈಮುಗಿದು ಕೇಳ್ಕೊಂಡ್ರು. ನನಗ ಅಂಥವರ ಮಾತು ತೆಗೆದು ಹಾಕಾಕ ಆಗ್ಲಿಲ್ರಿ.”

“ಹೆಸರು ಹೇಳು. ಇಲ್ಲಾಂದ್ರ ಧಾರವಾಡ ಮರತಬಿಡು!”

ದ್ಯಾವಪ್ಪ ಎದ್ದು ನಿಂತ. ಅಳುತ್ತಿರಲಿಲ್ಲ. “ಧಾರವಾಡ ಹೋದ್ರ ಹೋಗ್ಲಿರಿ. ಹೆಸರು ಹೇಳಿದ್ರ ನಿಮ್ಮ ಮನಿ ನಿಲ್ಲಂಗಿಲ್ರಿ, ಶೆಟ್ರ.”

ಶೆಟ್ಟರು ಜಾರಿದ ಶಲ್ಯವನ್ನು ಮತ್ತೆ ಮೂಗಿನ ಕೆಳಗೆ ಒತ್ತಿಕೊಂಡರು. ಮುದಿಯಪ್ಪನವರು ಮೆಲ್ಲಗೆ ಚೀಲದ ಹಿಂದೆ ಸರಿದರು.

ಮಾಸ್ತರರು ಹುಡುಗನ ಹೆಗಲ ಮೇಲೆ ಕೈಯಿಟ್ಟರು. ಹೆಸರು ಕೇಳಲಿಲ್ಲ. ಸಾಲಿಯಲ್ಲಿ ಕಲಿತ ಒಂದು ಉಪಾಯ ಅವರಿಗೆ ಗೊತ್ತಿತ್ತು: ತಪ್ಪು ಮಾಡಿದವನ ಬಾಯಿಯನ್ನಲ್ಲ, ಕಣ್ಣನ್ನು ನೋಡಬೇಕು.

“ಹೆಸರು ಬ್ಯಾಡ, ದ್ಯಾವಪ್ಪ. ಇಷ್ಟ ಹೇಳು. ಕೇಳ್ಕೊಂಡವರು ಗಂಡಸೋ, ಹೆಂಗಸೋ?”

ಹುಡುಗ ತುಟಿ ಬಿಗಿದುಕೊಂಡ. ಆದರೆ ಕಣ್ಣುಗಳು ಅವನ ಮಾತು ಕೇಳಲಿಲ್ಲ. ಅವು ಮಾಸ್ತರರ ಹೆಗಲನ್ನು ದಾಟಿ, ಶೆಟ್ಟರ ಗಾದಿಯನ್ನು ದಾಟಿ, ಅಂಗಡಿಯಿಂದ ಒಳಮನೆಗೆ ಹೋಗುವ ಕದದ ಮೇಲೆ ನಿಂತವು.

ಮಾಸ್ತರರು ತಿರುಗಿದರು. ಗೇಣಗಲ ತೆರೆದಿದ್ದ ಆ ಕದ, ಅವರು ನೋಡುತ್ತಿದ್ದಂತೆಯೇ, ಸದ್ದಿಲ್ಲದೆ ಮುಚ್ಚಿಕೊಂಡಿತು. ಆಚೆ ಬಳೆಗಳು ಒಮ್ಮೆ ಕಿಣಿಕಿಣಿಯೆಂದವು.

ಆಮೇಲೆ ಒಳಗಿನಿಂದ ಅಗುಳಿ ಬಿತ್ತು.